ನಾನು ಎಳೆದುಕೊಂಡ ಕುರ್ಚಿ

ಇವತ್ತು ಪೋರೂರಿನಲ್ಲಿ, ಮಗಳ ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ಪೋಷಕರ ಸಭೆ. ಅಲ್ಲಿ ತನ್ನ ಓದು ಹೇಗಿದೆಯೆಂದು ವಿದ್ಯಾರ್ಥಿಯೇ ಹೇಳಬೇಕು. ಮಗಳು ಕರ್ರೆಂದು ಕುರ್ಚಿ ಎಳೆದಳು. ನನಗೆ ನುಂಗಂಬಾಕ್ಕಂನ ನನ್ನ ಹಳೇ ಸ್ಕೂಲು ನೆನಪಾಯಿತು.

ಆವತ್ತು ಅಪ್ಪ ಆಫೀಸ್ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಮೇಷ್ಟರೆದುರು ಕುರ್ಚಿಯ ಅಂಚಿನಲ್ಲಿ ಕೂತಿದ್ದರು. "ಇವಳಿಗೇನ್ ಗೊತ್ತು ಸಾರ್, ನೀವೇ ಹೇಳಿ." ನನಗೆ ಲೆಕ್ಕ ಯಾಕೆ ಬರುತ್ತಿಲ್ಲವೆಂದು ಇಬ್ಬರೂ ಮಾತಾಡಿದರು, ನನ್ನನ್ನು ಮಾತ್ರ ಕೇಳಲಿಲ್ಲ. ಖಾಲಿ ಕುರ್ಚಿ ಎಳೆದುಕೊಂಡು ಕೂತೆ.

"ಏಳೇ!" ಅಪ್ಪ ಗದರಿದರು.

"ಮಾತು ನನ್ನ ಬಗ್ಗೆ ತಾನೇ? ಏಳಲ್ಲ."

ಇವತ್ತೂ ಅಪ್ಪ ಜೊತೆಗಿದ್ದರು. ಅಕ್ಕಪಕ್ಕದ ಮೇಜುಗಳಲ್ಲಿ ಕೊರಿಯಾದ, ಕೀನ್ಯಾದ ಮಕ್ಕಳು ಮಾತಾಡುತ್ತಿದ್ದರು, ದೊಡ್ಡವರು ಕೇಳುತ್ತಿದ್ದರು. ಅಪ್ಪ ಮಾತ್ರ ಟೀಚರ್ ಕಡೆ ತಿರುಗಿ, "ನೀವೇ ಹೇಳಿ ಮೇಡಂ" ಎಂದರು.

"ತಾತಾ, ನಾನೇ ಸೊಲ್ರೇನ್," ತಾನೇ ಹೇಳುತ್ತೇನೆಂದು ತಮಿಳಿನಲ್ಲಿ ಎಂದಳು ಮಗಳು.

ನಾನು ಅವಳನ್ನು ಗದರಲಿ ಎಂದು ಅಪ್ಪ ನನ್ನ ಮುಖ ನೋಡಿದರು. ನಾನು ಕೂತಲ್ಲಿಂದ ಅಲ್ಲಾಡಲಿಲ್ಲ.