ಕಥೆಯೊಳಗಿನ ‘ನಾನು’

ಕಥೆಯಲ್ಲಿ ‘ನಾನು’ ಎಂದು ಮಾತಾಡುವವಳು ಬೇರೆ, ಕಥೆ ಬರೆದವಳು ಬೇರೆ. ಅಥಣಿಯ ಕಾಲೇಜಿನಲ್ಲಿ ಕನ್ನಡ ಕಲಿಸುವ ನಾನು ಪ್ರತಿ ವರ್ಷ ಇದನ್ನು ಗಂಟಲು ಹರಿದುಕೊಂಡು ಹೇಳುತ್ತೇನೆ. ಕಥಾವಸ್ತು, ಪಾತ್ರ, ಸಂಘರ್ಷ ಎಲ್ಲವನ್ನೂ ಮಕ್ಕಳು ಗೈಡು ನೋಡಿ ಉರು ಹೊಡೆಯುತ್ತಾರೆ. ನಿರೂಪಕಿ ಯಾರು ಎಂದು ಕೇಳಿದರೆ ಮಾತ್ರ ಫ್ಯಾನು ನೋಡುತ್ತಾ ಕೂರುತ್ತಾರೆ. ಆ ವರ್ಷ ಅದು ಸರಿಯಾಗಿ ತಲೆಗೆ ಹತ್ತಿದ್ದು ಒಬ್ಬಳಿಗೇ. ಊರಾಚೆಯ ದ್ರಾಕ್ಷಿ ತೋಟದ ಮನೆಯ ಸೊಸೆ, ಬಿ.ಎ. ಕೊನೆಯ ವರ್ಷದವಳು.

ಕಾಲೇಜಿನ ಪತ್ರಿಕೆಗೆ ಅವಳು ಒಂದು ಕಥೆ ಕೊಟ್ಟಳು. ಶೆಡ್ಡಿನಲ್ಲಿ ಬೇದಾಣೆ, ಅಂದರೆ ಒಣದ್ರಾಕ್ಷಿ, ಆರಿಸುತ್ತಾ ಕೂತ ಸೊಸೆಗೆ ಹೊತ್ತು ಮುಳುಗಿದ್ದೇ ತಿಳಿಯುವುದಿಲ್ಲ. ಮನೆಯವರು ಜೈನರು, ಬೆಳಕಿರುವಾಗಲೇ ಉಂಡು ಅಡುಗೆಮನೆ ಮುಚ್ಚಿದ್ದಾರೆ. ಹಸಿವು ತಾಳಲಾರದೆ ಅವಳು ಕತ್ತಲಲ್ಲಿ ಒಂದು ಮುಷ್ಟಿ ಬೇದಾಣೆ ಬಾಯಿಗೆ ಹಾಕಿಕೊಳ್ಳುತ್ತಾಳೆ. ‘ನಾನು ತಿಂದೆ’ ಎಂದು ಕಥೆ ಮುಗಿಯುತ್ತದೆ. ಓದಿ ನನ್ನ ಕಣ್ಣು ತುಂಬಿತು.

ನಾವೂ ಜೈನರೇ. ನಮ್ಮಲ್ಲೂ ಹೊತ್ತು ಮುಳುಗಿದ ಮೇಲೆ ತುತ್ತು ಎತ್ತುವುದಿಲ್ಲ. ಆದರೆ ಸುಗ್ಗಿಯಲ್ಲಿ ನನ್ನ ಅವ್ವ ಬಿಸಿಲಿರುವಾಗಲೇ ಬುತ್ತಿ ಕಟ್ಟಿ ತೋಟಕ್ಕೆ ಕಳಿಸುತ್ತಿದ್ದಳು. ವ್ರತ ಹಿಡಿದವರಿಗೆ ಅಷ್ಟಾದರೂ ಅಂತಃಕರಣ ಬೇಡವೇ?

ಪತ್ರಿಕೆ ಅಚ್ಚಾಗಿ ಬಂತು. ಹುಡುಗಿ ಕಾಲೇಜಿಗೆ ಬರುವುದು ನಿಂತಿತು. ಪರೀಕ್ಷೆ ಹತ್ತಿರವಿತ್ತು. ಅವಳನ್ನು ಬಿಡಿಸಿಬಿಟ್ಟಿದ್ದಾರೆ ಎಂದು ಗೆಳತಿಯರು ಹೇಳಿದಾಗ ನನ್ನ ಮೈ ಉರಿಯಿತು. ಮಧ್ಯಾಹ್ನವೇ ಅವರ ಮನೆಗೆ ಹೋದೆ.

“ಬರ್ರಿ ಮೇಡಂ, ಕುಂಡರ್ರಿ,” ಎಂದ ಮಾವ ಚಹಾ ಕೊಡಿಸಿದ. ಆಮೇಲೆ ಶುರುಮಾಡಿದ. “ನಮ್ಮ ಸೊಸಿ ಕತ್ತಲದಾಗ ತಿಂತಾಳ ಅಂತ ಊರ ತುಂಬ ಆಗೇತ್ರಿ. ಬಸದಿಗೆ ಹೋಗಾಕ ಮಾರಿ ಇಲ್ಲದಂಗ ಮಾಡ್ಯಾಳ.”

“ಅಕಿಗೆ ಕಾಲೇಜ ಸಾಕ್ರಿ,” ಎಂದಳು ಅತ್ತೆ.

“ಅಯ್ಯ, ಅದು ಕಥಿ ರೀ!” ಎಂದೆ. “ಅದರಾಗಿನ ‘ನಾನು’ ಒಂದು ಪಾತ್ರ. ನಿಮ್ಮ ಸೊಸಿ ಅಲ್ಲ. ಕಳ್ಳನ ಕಥಿ ಬರದಾವನ್ನ ಪೊಲೀಸರು ಹಿಡದು ಒಯ್ತಾರೇನ್ರಿ?”

ಮಾವ ಮೀಸೆ ತಿರುವಿದ. ಕೆಟ್ಟವನಲ್ಲ, ಊರಿಗೆ ಅಂಜುವವನು, ಅಷ್ಟೇ. “ಹಂಗಾದ್ರ ಅಕಿನಽ ಹೇಳಲಿ. ‘ಅದು ನಾನಲ್ಲ’ ಅಂತ ಒಂದು ಮಾತು ಅನ್ನಲಿ. ನಾಳಿಂದ ಕಾಲೇಜಿಗೆ ಕಳಸ್ತೀನಿ, ಪರೀಕ್ಷಾನೂ ಬರೀಲಿ.”

ಹುಡುಗಿಯನ್ನು ಕರೆದರು. ಸೆರಗು ಹೊದ್ದು ಬಾಗಿಲಲ್ಲಿ ನಿಂತಳು. ನನಗೆ ಜೀವ ಬಂದಂತಾಗಿತ್ತು. ಹೇಳು ತಾಯೀ, ತರಗತಿಯಲ್ಲಿ ಕಲಿಸಿದ್ದನ್ನೇ ಹೇಳು, ಪರೀಕ್ಷೆಯಲ್ಲೂ ಅದಕ್ಕೇ ಪೂರ್ತಿ ಅಂಕ ಎಂದು ಕಣ್ಣಲ್ಲೇ ಬೇಡಿಕೊಂಡೆ.

“ನೀವು ಹೇಳಿಕೊಟ್ಟದ್ದು ನೆನಪೈತ್ರಿ ಮೇಡಂ,” ಎಂದಳು. ಅತ್ತೆಯ ಕಡೆ ತಿರುಗಿದಳು. “ಆದ್ರ ಅದು ನಾನಽ. ನಾನಽ ತಿಂದೀನಿ. ಹಸಿವಾಗಿತ್ತು. ದಿನಾ ಹಸಿವಾಗತೈತಿ.”

ಮಾವ ತಲೆ ತಗ್ಗಿಸಿದ. ಅತ್ತೆ ಮಾತ್ರ ತೊಡೆ ತಟ್ಟಿಕೊಂಡು ಎದ್ದಳು. “ಕೇಳಿದ್ರಿಲ್ಲೋ? ತಾನಽ ಒಪ್ಪಿದ್ಲು! ಮತ್ತ ನೀವು ಕಲತವ್ರು, ನಮ್ಮ ಮನಿಗೆ ಬಂದು ಸುಳ್ಳ ಹೇಳಾಕತ್ತಿದ್ರಿ.”

ನಾನು ಚಪ್ಪಲಿ ಮೆಟ್ಟಿಕೊಂಡೆ. ಯಾಕೆ ಹಸಿವಾಗಿತ್ತು ಎಂದು ಆ ಮನೆಯಲ್ಲಿ ಒಬ್ಬರಾದರೂ ಕೇಳುತ್ತಾರೆಂದು ಅಂಗಳದಲ್ಲಿ ಒಂದು ಗಳಿಗೆ ನಿಂತೆ. ಒಳಗೆ ಅತ್ತೆ ಕೇಳುತ್ತಿದ್ದದ್ದು ಒಂದೇ ಮಾತು: “ಎಷ್ಟು ತಿಂದಿ?”