ಐದು ಬಾಗಿಲಿಗೆ ಬಿಳಿ ಬಣ್ಣ

ವಾಂಗನುಯಿ ಊರಿನಲ್ಲಿ ಮರ್ವ್ ಟಾಸ್ಕರ್ ಬಣ್ಣ ಬಳಿಯದ ಬೀದಿಯಿಲ್ಲ. ಆದರೆ ನಲವತ್ತು ವರ್ಷದ ಕಸುಬಿನಲ್ಲಿ ಒಂದು ಕೆಲಸಕ್ಕೆ ಮಾತ್ರ ಅವನು ಒಪ್ಪಿದವನಲ್ಲ. ವಾರ್ನಿಶ್ ಹೊಡೆದ ಹಳೆಯ ರಿಮು ಮರದ ಮೇಲೆ ಬಣ್ಣ ಬಳಿಯುವುದು. ಹೊಸದಾಗಿ ಮನೆ ಕೊಂಡವರು ಬಾಗಿಲು, ಚೌಕಟ್ಟುಗಳನ್ನೆಲ್ಲ ಬೆಳ್ಳಗೆ ಮಾಡಿಕೊಡಿ ಎಂದರೆ, "ಇಂಥ ಮರ ಇನ್ನು ಸಿಗಲ್ಲ ಕಣಮ್ಮ. ಬಿಳೀನೇ ಬೇಕು ಅಂದ್ರೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ" ಎಂದು ಏಣಿಯನ್ನು ವ್ಯಾನಿಗೇರಿಸಿ ಹೊರಟೇಬಿಡುತ್ತಿದ್ದ. ಜಂಭ ಎಂದರೆ ಅಷ್ಟಿಷ್ಟಲ್ಲ.

ಅವನ ಮನೆಯ ಹಜಾರದಲ್ಲೂ ಅಂಥವೇ ಐದು ಬಾಗಿಲುಗಳಿದ್ದವು. ಮದುವೆಯಾದ ಹೊಸದರಲ್ಲಿ ಆ ಮನೆ ಕೊಂಡಾಗ ಅವುಗಳ ಮೇಲೆ ಯಾರೋ ಪುಣ್ಯಾತ್ಮರು ನಾಲ್ಕು ಪದರ ಹಸಿರು ಬಳಿದಿದ್ದರು. ಎರಡು ಚಳಿಗಾಲ ಗಂಡ ಹೆಂಡತಿ ಕೂತು ಅದನ್ನು ಕೆರೆದರು. ಮೂಲೆಯಲ್ಲಿ ಗಟ್ಟಿಯಾಗಿ ಕೂತಿದ್ದನ್ನು ಹೆಂಡತಿ ನೋಯ್ಲೀನ್ ಹೆಣಿಗೆ ಕಡ್ಡಿಯಿಂದ ಕೆದಕಿ ತೆಗೆದಳು. ಒಳಗಿನ ಜೇನುಬಣ್ಣದ ಮರ ಕಂಡ ದಿನ ಇಬ್ಬರೂ ಮಕ್ಕಳಂತೆ ಕುಣಿದಿದ್ದರು.

ಎಪ್ಪತ್ತು ದಾಟಿದ ಮೇಲೆ ನೋಯ್ಲೀನಳ ಕಣ್ಣು ಹೋಗತೊಡಗಿತು. ನೋಟದ ನಡುವೆ ಮಸಿ, ಅಂಚಿನಲ್ಲಷ್ಟೇ ಬೆಳಕು. ಗಾಢ ಬಣ್ಣದ ಗೋಡೆಗಳ ಆ ಹಜಾರದಲ್ಲಿ ಕಂದು ಬಾಗಿಲು ಅರ್ಧ ತೆರೆದು ನಿಂತಿದ್ದರೆ ಅವಳಿಗೆ ಕಾಣುತ್ತಲೇ ಇರಲಿಲ್ಲ. ಹಣೆಯ ಒಂದು ಬುಗುಟು ಇಳಿಯುವ ಮೊದಲೇ ಇನ್ನೊಂದು ಏಳುತ್ತಿತ್ತು. ಮನೆಗೆ ಬಂದ ನರ್ಸ್ ಹಜಾರವನ್ನು ನೋಡಿ, ಬಾಗಿಲುಗಳಿಗೆ ಬಿಳಿ ಬಳಿಸಿ, ಎದ್ದು ಕಾಣುತ್ತವೆ ಎಂದು ಹೇಳಿಹೋದಳು.

"ಬಳಿದುಬಿಡು ಮರ್ವ್," ಎಂದಳು ನೋಯ್ಲೀನ್. "ನನಗೇನು ಈಗ ಮರ ಕಾಣುತ್ತಾ, ಮಣ್ಣು ಕಾಣುತ್ತಾ? ಎಷ್ಟು ದಿನ ಹಿಡಿಯುತ್ತೆ?"

"ಒಂದು ತಿಂಗಳಾದ್ರೂ ಬೇಕು. ಹಳೇ ವಾರ್ನಿಶ್ ಅದು. ಸರಿಯಾಗಿ ತಯಾರು ಮಾಡದೆ ಬಳಿದ್ರೆ ಸಿಪ್ಪೆ ಥರ ಎದ್ದುಬರುತ್ತೆ."

"ಸುಮ್ನೆ ಏನೋ ಒಂದು ಬಿಳೀದು ಹಚ್ಚಪ್ಪ. ರಾಣಿ ಬರ್ತಾಳಾ ನೋಡೋಕೆ?"

ತಯಾರು ಮಾಡಬೇಕೆಂಬುದು ಸುಳ್ಳಲ್ಲ. ಮೊದಲು ಜಿಡ್ಡು ತೊಳೆಯಬೇಕು. ಆಮೇಲೆ ಉಪ್ಪುಕಾಗದದಿಂದ ಉಜ್ಜಿ ಹೊಳಪು ಸಾಯಿಸಬೇಕು, ಇಲ್ಲದಿದ್ದರೆ ಬಣ್ಣಕ್ಕೆ ಹಿಡಿತ ಸಿಗುವುದಿಲ್ಲ. ಮರದ ಕಂದು ಮೇಲೆ ಒಸರದಂತೆ ಪ್ರೈಮರ್ ಹೊಡೆದು, ಎರಡು ಸಲ ಬಿಳಿ ಬಳಿಯಬೇಕು. ಅಷ್ಟೇ. ತಿಂಗಳು ಎಂಬುದು ಮಾತ್ರ ಅವನೇ ಹುಟ್ಟಿಸಿದ್ದು.

ಸೋಮವಾರ ಶುರುಮಾಡಿದ. ಹೊಳಪು ಸತ್ತರೆ ಸಾಕಿತ್ತು, ಇವನು ಬಚ್ಚಲಮನೆಯ ಬಾಗಿಲಿನ ವಾರ್ನಿಶ್ಶನ್ನು ಬುಡಮಟ್ಟ ತೆಗೆಯುತ್ತ ಕೂತ. ಮಂಗಳವಾರ ಮಳೆ ಬಂತು, ತೇವಕ್ಕೆ ಕೆಲಸ ಆಗಲ್ಲ ಎಂದ. ಗುರುವಾರ ಕ್ಲಬ್ಬಿನಲ್ಲಿ ಬೌಲ್ಸ್ ಆಟ. ಎರಡನೇ ವಾರ ಮುಗಿದರೂ ಮೊದಲನೇ ಬಾಗಿಲು ದಾಟಿರಲಿಲ್ಲ.

"ಇನ್ನೂ ಅದೇ ಬಾಗಿಲೇನೋ?" ಎಂದು ಅವಳು ಅಡುಗೆಮನೆಯಿಂದ ಕೂಗಿ ಕೇಳುತ್ತಿದ್ದಳು. ಉಜ್ಜುವ ಸದ್ದಿನ ಮೇಲೇ ಅವಳಿಗೆ ಎಲ್ಲ ತಿಳಿಯುತ್ತಿತ್ತು.

ಒಂದು ಮಧ್ಯಾಹ್ನ ಅವನು ಮಾಡಬಾರದ್ದನ್ನು ಮಾಡಿದ. ಬರಿದಾದ ಮರದ ಗೆರೆಗಳನ್ನು ಒಂದೇ ಒಂದು ಸಲ ನೋಡಿಬಿಡೋಣ ಎಂದು ಬಟ್ಟೆಗೆ ಅಗಸೆ ಎಣ್ಣೆ ಅದ್ದಿ ಬಾಗಿಲಿನ ಉದ್ದಕ್ಕೂ ಎಳೆದ. ಮರ ಹೊಂಬಣ್ಣಕ್ಕೆ ತಿರುಗಿತು. ಎಣ್ಣೆ ಕುಡಿದ ಮರ ಒಣಗುವವರೆಗೆ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲವೆಂದು ಅವನಷ್ಟು ಚೆನ್ನಾಗಿ ಬಲ್ಲವರು ಊರಿನಲ್ಲಿ ಇನ್ನೊಬ್ಬರಿರಲಿಲ್ಲ.

ನೋಯ್ಲೀನ್ ಗೋಡೆ ತಡವಿಕೊಂಡು ಹಜಾರಕ್ಕೆ ಬಂದಳು.

"ಎಣ್ಣೆ ವಾಸನೆ. ಬಣ್ಣಕ್ಕೆ ಮುಂಚೆ ಎಣ್ಣೆ ಹಚ್ತಾರಾ ಮರ್ವ್?"

ಅವನು ಬಟ್ಟೆಯನ್ನು ಬೆನ್ನ ಹಿಂದಕ್ಕೆ ಸರಿಸಿದ. ಅವಳು ಕೈಚಾಚಿ ಬಾಗಿಲನ್ನು ಸವರಿದಳು, ಆ ಎಣ್ಣೆ ಬೆರಳಿನಿಂದಲೇ ಅವನ ಕಿವಿ ಹಿಂಡಿದಳು.

"ಇರಲಿ ಬಿಡು ಮುದುಕ, ನಿಧಾನಕ್ಕೆ ಮಾಡು. ನಾನು ಹುಷಾರಾಗಿ ಓಡಾಡ್ತೀನಿ."

ಅವಳು ಬೈದಿದ್ದರೆ ಅವನು ಮರುದಿನವೇ ಬಳಿದುಬಿಡುತ್ತಿದ್ದನೋ ಏನೋ. ಆ ಪ್ರೀತಿಯೇ ಅವನಿಗೆ ಸಲಿಗೆಯಾಯಿತು.

ಆಮೇಲೆ ಒಂದು ವಾರವೂ ಕಳೆದಿರಲಿಲ್ಲ. ಬೆಳಗ್ಗೆ ಫೋನ್ ಹೊಡೆದುಕೊಂಡಿತು. ಮರ್ವ್ ಹಿತ್ತಲಿನಲ್ಲಿದ್ದ. ಅವಸರದಲ್ಲಿ ಹೊರಟ ನೋಯ್ಲೀನ್ ಅರ್ಧ ತೆರೆದಿದ್ದ ಮಲಗುವ ಕೋಣೆಯ ಬಾಗಿಲಿನ ಅಂಚಿಗೆ ಮುಖ ಬಡಿದುಕೊಂಡು ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಎದೆಗೆ ಕಫ ಕಟ್ಟಿತು. ಹನ್ನೊಂದನೇ ದಿನ ತೀರಿಕೊಂಡಳು. ಬಾಗಿಲಿನ ಮಾತನ್ನು ಅವಳು ಒಮ್ಮೆಯೂ ಎತ್ತಲಿಲ್ಲ. ಅವನೂ ಎತ್ತಲಿಲ್ಲ, ಧೈರ್ಯ ಸಾಲಲಿಲ್ಲ.

ಮಣ್ಣು ಮಾಡಿ ಬಂದ ಮೇಲಿನ ಸೋಮವಾರ, ಅದೇ ಊರಿನಲ್ಲಿದ್ದ ಮಗಳು ರೇವಿನ್ ಊಟದ ಡಬ್ಬಿ ಹಿಡಿದು ಬಂದಾಗ ಅಪ್ಪ ಹಜಾರದಲ್ಲಿ ಮೊಣಕಾಲೂರಿ ಬಾಗಿಲು ಉಜ್ಜುತ್ತಿದ್ದ.

"ಅಪ್ಪ, ಈಗ್ಯಾಕೆ ಇದು? ಯಾರಿಗೋಸ್ಕರ?"

"ಮಾಡ್ತೀನಿ ಅಂದಿದ್ದೆ."

ಅವಳು ಡಬ್ಬಿ ಇಟ್ಟು, ತೋಳು ಮಡಚಿ, ಒದ್ದೆ ಬಟ್ಟೆ ಹಿಡಿದು ಧೂಳು ಒರೆಸಲು ಕೂತಳು. ಎಣ್ಣೆ ಕುಡಿದಿದ್ದ ಬಾಗಿಲೂ ಇಷ್ಟರಲ್ಲಿ ಒಣಗಿತ್ತು; ಸಂಜೆಗೆ ಐದಕ್ಕೂ ಪ್ರೈಮರ್ ಆಗಿತ್ತು. ಮರುದಿನ ಬೆಳಗ್ಗೆ ಒಂದು ಕೈ ಬಿಳಿ, ಮಧ್ಯಾಹ್ನದ ಮೇಲೆ ಇನ್ನೊಂದು. ಎಲ್ಲೂ ಬಣ್ಣ ಗೆರೆಯಾಗಿ ಇಳಿದಿರಲಿಲ್ಲ. ಹಜಾರದ ಆ ತುದಿಯಿಂದಲೂ ಐದೂ ಬಾಗಿಲು ನಿಚ್ಚಳವಾಗಿ ಕಾಣುತ್ತಿದ್ದವು.

ರೇವಿನ್ ಕುಂಚ ತೊಳೆಯುತ್ತ ಏನೂ ಯೋಚಿಸದೆ ಕೇಳಿದಳು: "ಆಯ್ತಾ ಅಪ್ಪ? ಇಷ್ಟೇನಾ ಕೆಲಸ?"

"ಇಷ್ಟೇ ಕಣೇ," ಎಂದ ಮರ್ವ್. "ಎರಡೇ ದಿನದ್ದು."

ಹಾಗೆಂದವನು ಹಜಾರದ ನೆಲದ ಮೇಲೆ ಕೂತುಬಿಟ್ಟ. ಹೆಂಡತಿ ಸತ್ತ ಮೇಲೆ ಅವನು ಅತ್ತದ್ದು ಅದೇ ಮೊದಲು.