ಗುಲಗಂಜಿ ಹುಳುವಿನ ಮರಿ

ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ನನ್ನ ದಾಸವಾಳದ ಕುಂಡವಿತ್ತು. ಗಿಡದ ಹೇನು ತಿನ್ನಲು ಬಂದ ಗುಲಗಂಜಿ ಹುಳುವಿನ ಮರಿಯೊಂದರ ಫೋಟೋವನ್ನು ಮ್ಯಾಕ್ರೋ ಲೆನ್ಸಿನಲ್ಲಿ ದೊಡ್ಡದಾಗಿ ತೆಗೆದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಕಪ್ಪು ಚುಕ್ಕೆಯ ಕೆಂಪು ಹುಳುವನ್ನು ಎಲ್ಲರೂ ಬಲ್ಲರು. ಅದರ ಮರಿ ಕಪ್ಪಗೆ, ಮೈತುಂಬ ಮುಳ್ಳಾಗಿರುತ್ತದೆಂದು ಯಾರೂ ಅರಿಯರು. ಅಕ್ಕಿಕಾಳಿನಷ್ಟಿದ್ದದ್ದು ಫೋನಿನ ತುಂಬ ಕಂಡಾಗ ಜನ ಹೆದರಿದರು. ಎರಡು ದಿನಗಳಲ್ಲೇ ನಿವಾಸಿಗಳ ಸಂಘದ ಕಾರ್ಯದರ್ಶಿ ಔಷಧ ಹೊಡೆಯುವವನನ್ನು ತಾರಸಿಗೆ ಕರೆತಂದರು.

ಅಷ್ಟರಲ್ಲಿ ಮರಿ ಎಲೆಗೆ ಬಾಲ ಅಂಟಿಸಿಕೊಂಡು ಕೋಶವಾಗಿತ್ತು. ರೆಕ್ಕೆ ಬರುವವರೆಗೆ ಅದು ಓಡಲಾರದು. ಆ ಎಲೆಯನ್ನು ಎರಡೂ ಅಂಗೈಗಳಿಂದ ಮುಚ್ಚಿ ಹಿಡಿದೆ.

“ವೈನಿ, ಕೈ ತೆಗೀರಿ. ಮೊಸಳಿ ಇದ್ದಂಗ ಐತಿ ಅದು. ಹುಡುಗ್ರು ಆಡೋ ಜಾಗಾ ಇದು,” ಎಂದರು ವಿಜಯಪುರದ ಕಡೆಯವರಾದ ಕಾರ್ಯದರ್ಶಿ.

“ಸ್ವಲ್ಪ ದಿನ ತಡೀರಿ, ಕೆಂಪಗಾಗ್ತದ.”

“ಕೆಂಪಗಾದ ಮ್ಯಾಲೆ ಪೂಜಾ ಮಾಡ್ತೀರೇನು?”

“ಕಪ್ಪಗಿದ್ದಾಗೂ ಮಾಡ್ತೀನಿ. ಹೊಡಿಯೋದಿದ್ರ ನನ್ನ ಕೈ ಮ್ಯಾಲೇ ಹೊಡೀರಿ.”

ಔಷಧದವನು ತನ್ನಿಂದಾಗದೆಂದು ತೆಲುಗಿನಲ್ಲಿ ಹೇಳಿ ನಳಿಕೆ ಕೆಳಗಿಳಿಸಿದ. ಕಾರ್ಯದರ್ಶಿ ಉಳಿದ ಕುಂಡಗಳನ್ನು ತೋರಿಸಿದರು. ಅವಕ್ಕೆಲ್ಲ ಹೊಡೆದು ಇಬ್ಬರೂ ಹೋದರು. ಔಷಧದ ವಾಸನೆ ಇಳಿಯುವವರೆಗೆ ನಾನು ಎಲೆ ಬಿಡಲಿಲ್ಲ.

ಆಮೇಲೆ ಕುಂಡವನ್ನು ಮನೆಗೆ ಒಯ್ಯಲೆಂದು ಎತ್ತಿಕೊಂಡು ಲಿಫ್ಟ್ ಹತ್ತಿದೆ. ಒಳಗಿದ್ದವರು ಗೋಡೆಗೆ ಒತ್ತಿಕೊಂಡು ನಿಂತರು. ಕುಂಡವನ್ನು ಅವರ ನಡುವೆಯೇ ಇಟ್ಟು, ಕೋಶ ಅವರಿಗೆ ಕಾಣುವ ಹಾಗೆ ಎಲೆ ತಿರುಗಿಸಿದೆ.